ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?



ಕಾಸರಗೋಡಿನ ನಮ್ಮ ಕಡೆ ಒಬ್ಬರಾದರೂ ಪರದೇಶದಲ್ಲಿಲ್ಲದ ಮನೆ ಅಪರೂಪ. ಹೆಚ್ಚಿನವರು ಗಲ್ಫಿನಲ್ಲಿ. ನನ್ನ ಮಗಳು ಮಾತ್ರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. "ಅಜ್ಜ, ಅಲ್ಲಿಗೆ ಎಷ್ಟು ದೂರ?" ಎಂದು ನೆರೆಮನೆಯ ಹುಡುಗ ಒಮ್ಮೆ ಕೇಳಿದ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನಿಗೆ ಅಂದಾಜಿನ ಉತ್ತರ ಹೇಳಿ ಅಭ್ಯಾಸವಿಲ್ಲ.

ನೀವೂ ಮಾಡಿ ನೋಡಬಹುದು. ಗೋಡೆಯ ನಕಾಶೆ ಬೇಡ, ಶಾಲೆಯ ಗ್ಲೋಬು ತೆಗೆದುಕೊಳ್ಳಿ. ಬೆಂಗಳೂರಿನ ಮೇಲೆ ನೂಲಿನ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ನೂಲು ಶಾಂತಸಾಗರವನ್ನು ಅಡ್ಡಲಾಗಿ ದಾಟುವುದಿಲ್ಲ. ಚೀನಾದ ಮೇಲಿಂದ ಸೈಬೀರಿಯಾಕ್ಕೆ ಏರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಭೂಮಿ ಉರುಟಾದ್ದರಿಂದ ಅದೇ ಅತಿ ಹತ್ತಿರದ ದಾರಿ. ಅದರ ಉದ್ದ ಸುಮಾರು 13,993 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತು.

ಆದರೆ ವಿಮಾನ ನೂಲಿನ ಗುಂಟ ಹೋಗಲೇಬೇಕೆಂದಿಲ್ಲ. 2021ರ ಜನವರಿ 9ರಂದು ಏರ್ ಇಂಡಿಯಾದ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಎಲ್ಲಿಯೂ ಇಳಿಯದೆ 11ರ ಬೆಳಗಿನ ಜಾವ ಬೆಂಗಳೂರು ಮುಟ್ಟಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರು. ಉತ್ತರ ಧ್ರುವದ ಮೇಲಿಂದ ಬಂದ ಆ ದಾರಿ ಸುಮಾರು 16,000 ಕಿಲೋಮೀಟರು, ಹೊತ್ತು 17 ಗಂಟೆ ಮಿಕ್ಕಿ. ಅಷ್ಟು ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಮೂಡಣಕ್ಕೆ ಬಲವಾಗಿ ಬೀಸುತ್ತದೆ. ಎದುರುಗಾಳಿಯ ಹತ್ತಿರದ ದಾರಿಗಿಂತ ಗಾಳಿ ಬೆನ್ನಿಗಿರುವ ಸುತ್ತುದಾರಿ ಕೆಲವೊಮ್ಮೆ ಲಾಭ.

ಈ ಲೆಕ್ಕವೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ತಪ್ಪಿದೆ.

2022ರಲ್ಲಿ ನನ್ನ ಹೆಂಡತಿ ಹಾಸಿಗೆ ಹಿಡಿದಳು. ಮಗಳಿಗೆ ಹೇಳುವ ಎಂದರೆ ಮನಸ್ಸು ಬರಲಿಲ್ಲ. "ಅಷ್ಟು ದೂರದಲ್ಲಿ ಇದ್ದಾಳೆ, ಸುಮ್ಮನೆ ಗಾಬರಿ ಯಾಕೆ? ತೀರಾ ಬೇಕಾದರೆ 17 ಗಂಟೆಯಲ್ಲಿ ಬರುತ್ತಾಳೆ" ಎಂದುಕೊಂಡೆ. ಕೊನೆಗೆ ಫೋನು ಮಾಡಿದಾಗ ತಿಳಿಯಿತು: ರಜೆ ಸಿಗಬೇಕು, ಟಿಕೇಟು ಸಿಗಬೇಕು, ಬೆಂಗಳೂರಿನಲ್ಲಿ ಇಳಿದ ಮೇಲೆ ನಮ್ಮೂರಿಗೆ ಇನ್ನೊಂದು ರಾತ್ರಿಯ ಬಸ್ಸು. ಅವಳು ಅಂಗಳಕ್ಕೆ ಕಾಲಿಟ್ಟದ್ದು ನಾಲ್ಕನೆಯ ದಿನ. ತಾಯಿಯ ಮುಖ ನೋಡಲು ಸಿಗಲಿಲ್ಲ. "ಮೊದಲೇ ಹೇಳಬಾರದಿತ್ತಾ ಅಪ್ಪಾ?" ಎಂದು ಒಂದೇ ಮಾತು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಮಾತು. ಮಕ್ಕಳು ದುಬೈಯಲ್ಲಿರಲಿ, ಅಮೆರಿಕದಲ್ಲಿರಲಿ, ವಿಮಾನದ ಗಂಟೆ ಲೆಕ್ಕ ಹಾಕಬೇಡಿ. ಅವರ ಮನೆಬಾಗಿಲಿನಿಂದ ನಿಮ್ಮ ಮನೆಬಾಗಿಲಿಗೆ ಎಷ್ಟು ದಿನ ಎಂದು ಲೆಕ್ಕ ಹಾಕಿ. ಮನೆಯಲ್ಲಿ ಯಾರಿಗಾದರೂ ಸೌಖ್ಯವಿಲ್ಲದಿದ್ದರೆ ಮೊದಲ ದಿನವೇ ತಿಳಿಸಿ. ಬರುವುದೋ ಬಿಡುವುದೋ ಅವರು ತೀರ್ಮಾನಿಸಲಿ.