ಕೂಡಿಸುವುದು ಬೇರೆ, ಕರಗಿಸುವುದು ಬೇರೆ

(ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಯೊಂದರ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಆರು, ಏಳು ಮತ್ತು ಎಂಟನೆಯ ಇಯತ್ತೆಗಳನ್ನು ಬೇರೆ ಶಾಲೆಗೆ ಕೂಡಿಸುವ ಮಾತು ಹುಟ್ಟಿದಾಗಿನಿಂದ ನಮ್ಮ ಪಾಲಕರಲ್ಲಿ ಎರಡು ಪಕ್ಷಗಳಾಗಿವೆ. ಶಾಲೆ ಇದ್ದಲ್ಲೇ ಇರಲಿ, ಒಂದು ಇಯತ್ತೆಯನ್ನೂ ಬಿಟ್ಟುಕೊಡಬಾರದು ಎಂಬುದು ಒಂದು ಪಕ್ಷ. ಹದಿನೈದು ಮಕ್ಕಳನ್ನು ಕೂಡಿಸಿಕೊಂಡು ಒಬ್ಬರೇ ಗುರುಗಳು ಮೂರು ಇಯತ್ತೆಗೆ ಪಾಠ ಹೇಳುವುದಕ್ಕಿಂತ ದೊಡ್ಡ ಶಾಲೆಗೆ ಹೋಗುವುದೇ ಲೇಸು ಎಂಬುದು ಇನ್ನೊಂದು. ಇಬ್ಬರೂ ಮಕ್ಕಳ ಹಿತವನ್ನೇ ನೋಡುತ್ತಿದ್ದೀರಿ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಈ ವಾದದಲ್ಲಿ ಹಿಂದೆ ಉಳಿದಿದೆ: ಕೂಡಿಸುವುದಾದರೆ ಯಾವುದರೊಡನೆ?

ಈ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ನಮ್ಮ ರಾಜ್ಯದಲ್ಲಿ ಹಿಂದೆ ಒಂದರಿಂದ ನಾಲ್ಕು, ಐದರಿಂದ ಏಳು, ಎಂಟರಿಂದ ಹತ್ತು ಎಂದು ಶಾಲೆಯ ವಿಭಾಗಗಳಿದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದು, ಆರರಿಂದ ಎಂಟು ಎಂಬ ವಿಭಾಗವನ್ನು ತಂದಿತು. ಆಗಲೇ ಎಷ್ಟೋ ಊರುಗಳಲ್ಲಿ ಐದನೆಯ ಮತ್ತು ಎಂಟನೆಯ ಇಯತ್ತೆ ಎಲ್ಲಿರಬೇಕು ಎಂಬ ಜಗ್ಗಾಟ ಶುರುವಾಯಿತು. 2023ರ ಸೆಪ್ಟೆಂಬರಿನಲ್ಲಿ ರಾಜ್ಯದ ಶಿಕ್ಷಣ ಆಯುಕ್ತರು, 20ಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಒಟ್ಟುಗೂಡಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾವಗಳನ್ನು ಕೇಳಿದರು. ಪುಣೆ ಜಿಲ್ಲೆಯ ಪಾನಶೇತ್ ಮತ್ತು ನಂದುರಬಾರ ಜಿಲ್ಲೆಯ ತೋರಣಮಾಳ ಇದಕ್ಕೆ ಮಾದರಿಯೆಂದು ಹೇಳಿದರು. 2024ರ ಮಾರ್ಚ್ 15ರ ಶಾಸನ ನಿರ್ಣಯವು ಸಂಚಮಾನ್ಯತೆಯ, ಅಂದರೆ ಶಿಕ್ಷಕರ ಹುದ್ದೆ ಮಂಜೂರಾತಿಯ, ಲೆಕ್ಕವನ್ನೇ ಬದಲಿಸಿತು. ಆರರಿಂದ ಎಂಟರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಲ್ಲಿಗೆ ಹುದ್ದೆಯೇ ಇಲ್ಲ ಎಂಬುದು ಆ ನಿರ್ಣಯದ ಹೊಡೆತ. ಆದೇಶಗಳು ಬರುತ್ತವೆ, ತಿದ್ದುಪಡಿಯಾಗುತ್ತವೆ. ಆದರೆ ಸಣ್ಣ ಶಾಲೆಗಳ ಮೇಲಿನ ಭಾರ ಇಂದಿನದಲ್ಲ, ನಾಳೆಗೆ ಇಳಿಯುವಂಥದೂ ಅಲ್ಲ.

ಈ ನಿಯಮ ಎಲ್ಲ ಮಾಧ್ಯಮದ ಶಾಲೆಗಳಿಗೂ ಒಂದೇ. ಆದರೆ ಪರಿಣಾಮ ಒಂದೇ ಅಲ್ಲ. ಮರಾಠಿ ಶಾಲೆಯೊಂದು ಮುಚ್ಚಿದರೆ ಆ ಮಗು ಮುಂದಿನ ಮರಾಠಿ ಶಾಲೆಗೆ ಹೋಗುತ್ತದೆ. ದಾರಿ ಉದ್ದವಾಗುತ್ತದೆ, ಭಾಷೆ ಬದಲಾಗುವುದಿಲ್ಲ. ಕನ್ನಡ ಶಾಲೆಯ ಮೇಲಿನ ಇಯತ್ತೆಗಳು ಮುಚ್ಚಿದರೆ ಹತ್ತಿರದ ಶಾಲೆ ಬಹುತೇಕ ಬೇರೆ ಮಾಧ್ಯಮದ್ದೇ ಆಗಿರುತ್ತದೆ. ಅಲ್ಲಿ ಮಗುವಿಗೆ ದಾರಿಯೂ ಬದಲಾಗುತ್ತದೆ, ಭಾಷೆಯೂ ಬದಲಾಗುತ್ತದೆ.

ಭಾಷೆ ಬದಲಾದರೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ನಿಂತವರು ಬಲ್ಲರು. ಐದು ವರ್ಷ ಕನ್ನಡದಲ್ಲಿ ಗಣಿತ ಕಲಿತ ಹುಡುಗಿಗೆ ಲ.ಸಾ.ಅ. ಗೊತ್ತು. ಮರಾಠಿ ತರಗತಿಯಲ್ಲಿ ಅದೇ ಲ.ಸಾ.ವಿ. ಆಗುತ್ತದೆ. ಇಲ್ಲಿ ಆಮ್ಲಜನಕ, ಸಾರಜನಕ ಎಂದು ಓದಿದ್ದು ಅಲ್ಲಿ ಆಕ್ಸಿಜನ್, ನಾಯಟ್ರೋಜನ್. ಲೆಕ್ಕ ಬರುವ ಮಗು ಲೆಕ್ಕದ ಹೆಸರು ಬಾರದೆ ಬಾಯಿ ಮುಚ್ಚಿ ಕೂಡುತ್ತದೆ. ಹನ್ನೊಂದು ಹನ್ನೆರಡರ ವಯಸ್ಸು ನಾಚಿಕೆಯ ವಯಸ್ಸು. ಒಂದು ವರ್ಷ ಬಾಯಿ ಮುಚ್ಚಿದ ಮಗು ಮರುವರ್ಷ ಶಾಲೆಯ ಹೊಸ್ತಿಲನ್ನೇ ಮರೆಯಬಹುದು. ಅದರಲ್ಲೂ ಹೆಣ್ಣುಮಗುವಾದರೆ "ಸಾಕು, ಮನೆಯಲ್ಲಿರಲಿ" ಎಂಬ ಮಾತು ಬೇಗ ಬರುತ್ತದೆ.

"ಈ ರಾಜ್ಯದಲ್ಲಿ ಬಾಳಬೇಕಾದವರು ಮರಾಠಿ ಕಲಿಯಬೇಡವೇ?" ಎಂದು ಕೆಲವು ಪಾಲಕರು ಕೇಳುತ್ತಾರೆ. ಖಂಡಿತ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. 2020ರ ಕಾಯ್ದೆಯಂತೆ ಮರಾಠಿ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಕಡ್ಡಾಯ ವಿಷಯ. ನಮ್ಮ ಮಕ್ಕಳು ಮರಾಠಿಯನ್ನು ಒಂದು ಭಾಷೆಯಾಗಿ ಕಲಿಯುತ್ತಾರೆ, ವಿಜ್ಞಾನ ಗಣಿತಗಳನ್ನು ಕನ್ನಡದಲ್ಲಿ ತಿಳಿಯುತ್ತಾರೆ. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಪುಸ್ತಕವಿದೆ, ಮಕ್ಕಳಿದ್ದಾರೆ. ನಾವು ಉಳಿಸಿಕೊಳ್ಳಬೇಕಾದದ್ದು ತರಗತಿಯನ್ನು.

ಹಾಗಾದರೆ ಕೂಡಿಸುವುದೆಲ್ಲ ಕೆಟ್ಟದ್ದೇ? ಅಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಅಕ್ಕಪಕ್ಕದ ಮೂರು ಊರುಗಳಲ್ಲಿ ಮೂರು ಕನ್ನಡ ಶಾಲೆಗಳಿವೆ ಎನ್ನೋಣ. ಆರರಿಂದ ಎಂಟರವರೆಗೆ ಒಂದರಲ್ಲಿ 14 ಮಕ್ಕಳು, ಇನ್ನೊಂದರಲ್ಲಿ 11, ಮತ್ತೊಂದರಲ್ಲಿ 17. ಬಿಡಿಬಿಡಿಯಾಗಿ ನೋಡಿದರೆ ಮೂರೂ 20ರ ಒಳಗೆ, ಮೂರಕ್ಕೂ ಗಂಡಾಂತರ. ಒಟ್ಟುಗೂಡಿಸಿದರೆ 42 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಂತೆ ಆರರಿಂದ ಎಂಟಕ್ಕೆ ತರಗತಿಗೊಬ್ಬರಾದರೂ ಶಿಕ್ಷಕರಿರಬೇಕು. ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಷಯಕ್ಕೆ ಒಬ್ಬರು, ಭಾಷೆಗೆ ಒಬ್ಬರು ಬೇಕು. ನಡುವಿನ ಊರಿನಲ್ಲಿ ಇಂಥ ಒಂದು ಕನ್ನಡ ಶಾಲೆ ನಿಂತರೆ ಅದು ಇಂದಿನ ಮೂರು ಬಡ ಶಾಲೆಗಳಿಗಿಂತ ಬಲವಾದೀತು. ಅದೇ 42 ಮಕ್ಕಳನ್ನು ಅವರವರ ಊರಿನ ಹತ್ತಿರದ ಬೇರೆ ಮಾಧ್ಯಮದ ಶಾಲೆಗೆ ಹಂಚಿದರೆ ಕನ್ನಡದ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. ಕಾಗದದಲ್ಲಿ ಎರಡಕ್ಕೂ 'ಸಮಾಯೋಜನೆ' ಎಂದೇ ಹೆಸರು. ಒಂದು ಕೂಡಿಸುವುದು, ಇನ್ನೊಂದು ಕರಗಿಸುವುದು.

ಶಹರದಲ್ಲಿ ಇನ್ನೊಂದು ಬಗೆಯ ಮಾತು ಬರುತ್ತದೆ: "ಒಂದೇ ದೊಡ್ಡ ಕಟ್ಟಡದಲ್ಲಿ ಎರಡು ಮಾಧ್ಯಮ ಇರಲಿ." ಕಟ್ಟಡ, ಆಟದ ಬಯಲು, ಪ್ರಯೋಗಶಾಲೆ ಹಂಚಿಕೊಳ್ಳುವುದಕ್ಕೆ ನಮ್ಮ ತಕರಾರು ಬೇಡ. ಆದರೆ ಕನ್ನಡ ವಿಭಾಗಕ್ಕೆ ಅದರದೇ ಪಟ, ಅದರದೇ ಶಿಕ್ಷಕರು ಇರಲೇಬೇಕು. ಪಟ ಒಂದಾದ ದಿನ ವಿಭಾಗದ ಹೆಸರು ಮಾತ್ರ ಉಳಿಯುತ್ತದೆ.

ನಮ್ಮ ಬೇಡಿಕೆಗೆ ಆಧಾರವೇನು? ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಅದು ರಾಜ್ಯಗಳಿಗೆ ಹೇಳುತ್ತದೆ. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತ್ತು. ಆದರೆ ಪ್ರಾಥಮಿಕ ಹಂತ ಎಷ್ಟನೆಯ ಇಯತ್ತೆಗೆ ಮುಗಿಯುತ್ತದೆ ಎಂದು 350ಎ ಹೇಳುವುದಿಲ್ಲ. ಆದುದರಿಂದಲೇ ಆರರಿಂದ ಎಂಟು ನಮ್ಮ ಬೇಲಿಯ ಸಡಿಲು ಗೂಟ. ಅದನ್ನು ಬಿಗಿ ಮಾಡಲು ಎರಡು ಆಸರೆಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲೇ ಕಲಿಸಬೇಕೆನ್ನುತ್ತದೆ, ಮತ್ತು ಆ ಕಾಯ್ದೆ ಎಂಟನೆಯ ಇಯತ್ತೆಯವರೆಗಿನದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕನಿಷ್ಠ ಐದರವರೆಗೆ, ಆದಷ್ಟೂ ಎಂಟರವರೆಗೆ ಮನೆಮಾತು ಮಾಧ್ಯಮವಾಗಿರಲಿ ಎನ್ನುತ್ತದೆ.

ಇನ್ನು ಮಾಡಬೇಕಾದ ಕೆಲಸ. ಮೊದಲನೆಯದು ಯಾದಿ. ಮಕ್ಕಳಿಲ್ಲ ಎಂಬ ಉತ್ತರಕ್ಕೆ ಯಾದಿಯೊಂದೇ ಮದ್ದು. ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಕ್ರಮಗಳಲ್ಲಿ ಶಾಲೆ ತೆರೆಯುವ ಮೊದಲೇ ಪಾಲಕರ ಭಾಷಾ ಆಯ್ಕೆಯನ್ನು ನೋಂದಾಯಿಸುವ ಕ್ರಮವಿದೆ. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಅದೇ ಭಾಷೆಯ ಮಕ್ಕಳನ್ನು ಶಾಲೆಗಳ ನಡುವೆ ಹೊಂದಿಸಿ ಒಂದೆಡೆ ಸೇರಿಸುವ ಕ್ರಮವೂ ಇದೆ. ಐದನೆಯ ಇಯತ್ತೆ ಮುಗಿಸುವ ಪ್ರತಿ ಮಗುವಿನ ಹೆಸರು, ಊರು, ಬೇಕಾದ ಮಾಧ್ಯಮ, ಪಾಲಕರ ಸಹಿ ಇವನ್ನು ಮಾರ್ಚ್ ಮುಗಿಯುವುದರೊಳಗೆ ಬರೆದಿಡಿ. ನೆರೆಯ ಕನ್ನಡ ಶಾಲೆಗಳ ಯಾದಿಯನ್ನೂ ಜೊತೆಗೆ ಕೂಡಿಸಿ.

ಎರಡನೆಯದು ಠರಾವು. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳಿದೆ. ಕಟ್ಟೆಯ ಮೇಲಿನ ಮಾತು ಕಚೇರಿಗೆ ಕೇಳಿಸುವುದಿಲ್ಲ. ಠರಾವನ್ನು ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಗಟ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಪೋಚ್ ಪಡೆಯಿರಿ. ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳಿಸಿರಿ.

ಮೂರನೆಯದು, ಸಮಾಯೋಜನೆಯ ಕಾಗದ ಬಂದಾಗ ನಾಲ್ಕು ಮಾತು ಕೇಳಿರಿ. ಕನ್ನಡ ತರಗತಿ ಯಾವ ಶಾಲೆಯಲ್ಲಿ? ಕನ್ನಡದಲ್ಲಿ ವಿಜ್ಞಾನ, ಗಣಿತ ಹೇಳುವ ಶಿಕ್ಷಕರು ಯಾರು? ಆರರಿಂದ ಎಂಟಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ನಿಯಮ. ಅದಕ್ಕಿಂತ ದೂರವಾದರೆ ವಾಹನದ ವ್ಯವಸ್ಥೆ ಏನು? ಹೆಣ್ಣುಮಕ್ಕಳಿಗೆ ಎಸ್.ಟಿ. ಪಾಸು ಉಚಿತವಾಗಿದೆ ಎಂಬ ಉತ್ತರ ಸಾಲದು, ಶಾಲೆಯ ವೇಳೆಗೆ ಬಸ್ಸು ಬರಬೇಕು. ಕೊನೆಯದು, ಬರುವ ವರ್ಷ ಪಟ ಕಡಿಮೆಯಾದರೆ ಕನ್ನಡ ವಿಭಾಗದ ಗತಿ ಏನು? ನಾಲ್ಕಕ್ಕೂ ಬರಹದಲ್ಲಿ ಉತ್ತರ ಬಂದರೆ ಕೂಡಿಸುವುದಕ್ಕೆ ಒಪ್ಪಿರಿ. ಬರುವವರೆಗೆ ಯಾವ ಮಗುವಿನ ಶಾಲೆ ಬಿಟ್ಟ ದಾಖಲೆಯನ್ನೂ ಅವಸರದಿಂದ ತೆಗೆಯಬೇಡಿರಿ. ಇಬ್ಬರು ದಾಖಲೆ ತೆಗೆದರೆ 21 ಇದ್ದ ಪಟ 19 ಆಗುತ್ತದೆ.

ಶಿಕ್ಷಕರು ತಮ್ಮ ಹುದ್ದೆಗಾಗಿ ಮಾತಾಡುತ್ತಾರೆ ಎಂಬ ಮಾತೂ ನನ್ನ ಕಿವಿಗೆ ಬಿದ್ದಿದೆ. ಹುದ್ದೆ ಹೋದರೆ ಜಿಲ್ಲಾ ಪರಿಷತ್ತಿನ ಶಿಕ್ಷಕನನ್ನು ಇನ್ನೊಂದು ಶಾಲೆಗೆ ವರ್ಗ ಮಾಡುತ್ತಾರೆ, ಅವನ ಪಗಾರ ನಿಲ್ಲುವುದಿಲ್ಲ. ಆರನೆಯ ಇಯತ್ತೆಯಲ್ಲಿ ಬಾಯಿ ಕಟ್ಟಿಹೋದ ಮಗುವಿಗೆ ಅಂಥ ಅನುಕೂಲವಿಲ್ಲ.

ಆದುದರಿಂದ ಎರಡೂ ಪಕ್ಷದವರಲ್ಲಿ ನನ್ನ ವಿನಂತಿ ಇಷ್ಟೇ. ಶಾಲೆ ಇರಲಿ, ಹೋಗಲಿ ಎಂಬ ವಾದವನ್ನು ಬದಿಗಿಟ್ಟು ಕನ್ನಡದ ತರಗತಿ ಎಲ್ಲಿ ಎಂದು ಎಲ್ಲರೂ ಒಂದೇ ಬಾಯಿಂದ ಕೇಳಿರಿ. ಯಾದಿಯ ಕೆಲಸ ಈ ಸಭೆ ಮುಗಿದ ಕೂಡಲೇ ಶುರುವಾಗಲಿ. ವಹಿ ಮೇಜಿನ ಮೇಲಿದೆ. ತಾಯಂದಿರು ಮೊದಲು ಬಂದು ಸಹಿ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.