ಕಿವಿಯ ಪಾಠ ಕಣ್ಣಿಗೆ ದಕ್ಕೀತೆ?

ನಿರ್ಣಾದ ಬಯಲಿನಲ್ಲಿ ಬ್ಯಾಟು ಹಿಡಿದ ಹುಡುಗ ಚೆಂಡನ್ನು ಕಣ್ಣಿನಿಂದ ಅಳೆಯುತ್ತಾನೆ. ಅಂಧರ ಕ್ರಿಕೆಟ್ಟಿನಲ್ಲಿ ಆ ಕೆಲಸ ಹೆಚ್ಚಾಗಿ ಕಿವಿಯದು. ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ 'ಪ್ಲೇ' ಎಂದು ಕೂಗಿ, ಕೈ ಕೆಳಗಿನಿಂದ, ಅರ್ಧ ಪಿಚ್ ದಾಟುವ ಮೊದಲೇ ನೆಲ ಮುಟ್ಟುವಂತೆ ಎಸೆಯುತ್ತಾನೆ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ.

ಹಾಗಾದರೆ ಕಣ್ಣುಳ್ಳ ಹುಡುಗನಿಗೂ ಕಣ್ಣು ಕಟ್ಟಿ, ಸದ್ದಿಗೆ ಬ್ಯಾಟು ಬೀಸಲು ಕಲಿಸಿದರೆ ಕಂಡ ಚೆಂಡಿಗೂ ಅವನ ಕೈ ಚುರುಕಾದೀತೆ? ಆಸೆ ದೊಡ್ಡದು. ಆದರೆ ದೇಹದ ಲೆಕ್ಕ ನೋಡಿ: ಸದ್ದಿಗೆ ಕೈ ಆಡಲು ಸುಮಾರು 150 ಮಿಲಿಸೆಕೆಂಡು ಸಾಕು, ಬೆಳಕಿಗೆ 190ರಷ್ಟು ಬೇಕು. ಕಿವಿಯ ರೋಮಕೋಶಗಳು ಅಲುಗಿದೊಡನೆ ಸುದ್ದಿ ಮಿದುಳಿಗೆ ಹೊರಡುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ಮೊದಲು ರಾಸಾಯನಿಕ ಕ್ರಿಯೆ ನಡೆಯಬೇಕು. ಈ ತಡವನ್ನು ಕಿವಿಯ ಯಾವ ಸಾಧನೆಯೂ ಅಳಿಸದು.

ಒಂದು ಇಂದ್ರಿಯದಿಂದ ಇನ್ನೊಂದಕ್ಕೆ ದಾಟಬಲ್ಲದ್ದು ಬೇರೆಯೇ ಇದೆ, ಅದು ಹೊತ್ತಿನ ಅಂದಾಜು. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಕೈಗೆ ತಾಗಿಸಿದ ಎರಡು ಕಂಪನಗಳ ನಡುವಿನ ಅಂತರ ಗುರುತಿಸಲು ಪಳಗಿದವರು ಅಷ್ಟೇ ಅಂತರವನ್ನು ಕಿವಿಯಿಂದಲೂ ಚೆನ್ನಾಗಿ ಗುರುತಿಸಿದರು. ತೀರಾ ಬೇರೆ ಅಂತರ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಕಣ್ಣು ಕಟ್ಟಿ ಆಡಿಸುವ ಮೇಷ್ಟ್ರು ಹುಡುಗನಿಗೆ ಕೊಟ್ಟರೆ ಲಯವನ್ನು ಕೊಟ್ಟಾರು. ಬಂದ ಚೆಂಡು ಎಡಕ್ಕೋ ಬಲಕ್ಕೋ ಎಂಬುದನ್ನು ಅವನು ನೋಡಿಯೇ ಕಲಿಯಬೇಕು.