ಹಂದಿಯ ಗೊಬ್ಬರ ಹಳ್ಳಕ್ಕಲ್ಲ, ಹೊಲಕ್ಕೆ

ಈ ಹೊತ್ತು ಹಂದಿ ಸಾಕುವ ಮನೆಗಳ ವಿಷಯವಾಗಿ ನಾಲ್ಕು ಮಾತು ಆಡೋಣ. ಮೂಗು ಮುರಿಯಬೇಡಿರಿ. ಸಾಕುವವರಿಗೆ ಅದು ಅನ್ನದ ಮಾತು, ನೆರೆಯವರಿಗೆ ಕುಡಿಯುವ ನೀರಿನ ಮಾತು. ಇಬ್ಬರೂ ಕೇಳತಕ್ಕದ್ದು.

“ನಾಕು ಹಂದಿ ಇಟ್ಟರೆ ಊರೇನು ಮುಳುಗತದ?” ಎಂದು ಕೇಳುವವರಿದ್ದಾರೆ. ನಾಲ್ಕಕ್ಕೆ ಮುಳುಗುವುದಿಲ್ಲ, ನಿಜ. ಆದರೆ ನಾಲ್ಕು ಹೋಗಿ ಇಪ್ಪತ್ತಾದರೆ ಲೆಕ್ಕವೇ ಬೇರೆ. ಬೆಳೆದ ಹಂದಿಯ ಮಲಮೂತ್ರ ದಿನಕ್ಕೆ ಸುಮಾರು 4–5 ಕಿಲೋ. ಇಪ್ಪತ್ತು ಹಂದಿಗೆ ದಿನಕ್ಕೆ 80ರಿಂದ 100 ಕಿಲೋ. ವರ್ಷಕ್ಕೆ 30 ಟನ್ನಿನ ಮಾತು! ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ?

ಕೊಟ್ಟಿಗೆ ತೊಳೆದ ನೀರು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಭೀಮೆಗೆ. ಸೊನ್ನದಲ್ಲಿ ಬ್ಯಾರೇಜು ಕಟ್ಟಿ ಭೀಮೆಯ ನೀರನ್ನು ನಿಲ್ಲಿಸಿದ್ದಾರೆ. ನಿಂತ ನೀರು ಕೊಳೆಯನ್ನು ಬೇಗ ಸಾಗಿಸದು. ಗೊಬ್ಬರದ ಸತ್ವದಿಂದ ಪಾಚಿ ಬೆಳೆದು ಕೊಳೆತು, ನೀರಿನೊಳಗಿನ ಪ್ರಾಣವಾಯು ಕಡಿಮೆಯಾಗಿ ಮೀನು ಸಾಯುತ್ತವೆ. ಇದೇ ಹೊಳೆಯಲ್ಲಿ ಕೆಳಗೆ ದೇವಲ ಗಾಣಗಾಪುರದ ಸಂಗಮದಲ್ಲಿ ಜನ ಮೀಯುತ್ತಾರೆ, ನೆನಪಿಡಿರಿ.

ಇನ್ನು ಬಾವಿಯ ಮಾತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಚ್ಚಾ ಗುಂಡಿಯ ರಾಡಿ ಆ ಬಿರುಕಿನಲ್ಲಿ ಇಳಿದು ಬಾವಿ, ಬೋರಿನ ನೀರಿಗೆ ನೈಟ್ರೇಟು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲು ಕಲಸಿ ಕುಡಿಸಿದರೆ ಎಳೆಗೂಸಿನ ತುಟಿ ನೀಲಿಗಟ್ಟಬಹುದು. ತಾಯಂದಿರೇ, ನೀರು ಕುದಿಸಿದರೂ ಈ ನೈಟ್ರೇಟು ಹೋಗದು.

ರಾಡಿ ನಿಂತಲ್ಲಿ ಸೊಳ್ಳೆಯೂ ಹುಟ್ಟುತ್ತದೆ. ಜಪಾನೀ ಮಿದುಳು ಜ್ವರದ ವಿಷಾಣು ಹಂದಿಯ ಮೈಯಲ್ಲಿ ಬೆಳೆದು ಸೊಳ್ಳೆಯ ಮೂಲಕ ಮಕ್ಕಳಿಗೆ ತಗಲುತ್ತದೆ. ಆದುದರಿಂದ ಮಕ್ಕಳು ಮಲಗುವ ಕೋಣೆಯ ಗೋಡೆಗೆ ಹಂದಿಯ ಕೊಟ್ಟಿಗೆ ಹಚ್ಚಬೇಡಿರಿ.

ಹಾಗಾದರೆ ಹಂದಿ ಬಿಡಬೇಕೇ? ಬೇಡ. ಗೊಬ್ಬರವನ್ನು ಹಿಡಿಯಿರಿ, ಸಾಕು. ನಮ್ಮ ಸೀಮೆಯಲ್ಲಿ ಶಹಾಬಾದ ಪರಸಿ ಇದೆ. ಕೊಟ್ಟಿಗೆಯ ನೆಲಕ್ಕೆ ಹಾಸಿ, ಸಂದಿಗೆ ಸಿಮೆಂಟು ತುಂಬಿ, ಒಂದು ಕಡೆ ಇಳಿಜಾರು ಕೊಡಿರಿ. ನೀರು ಹಾಕುವ ಮೊದಲು ಗೊಬ್ಬರವನ್ನು ಕೆರೆದು ತೆಗೆಯಿರಿ. ತೊಳೆಯುವ ನೀರು ಉಳಿಯುತ್ತದೆ, ರಾಡಿಯೂ ತಗ್ಗುತ್ತದೆ. ಬಾವಿಯಿಂದ ನೂರು ಅಡಿಯಾದರೂ ದೂರ, ಹೊಳೆಯ ಪೂರ ಏರದ ದಿನ್ನೆಯಲ್ಲಿ ಎರಡು ಗುಂಡಿ ಮಾಡಿ, ಅವಕ್ಕೂ ಪರಸಿ ಕಟ್ಟಿರಿ. 2020ರ ಅಕ್ಟೋಬರಿನಲ್ಲಿ ಭೀಮೆ ಎಲ್ಲಿಯವರೆಗೆ ಬಂದಿದ್ದಳೆಂಬುದನ್ನು ದಂಡೆಯ ಊರಿನವರಿಗೆ ಹೇಳಬೇಕಿಲ್ಲ.

ಕತ್ತರಿಸಿದ ತೊಗರಿ ಕಟ್ಟಿಗೆ, ಹೊಟ್ಟು, ಕಸ ಒಂದು ಪದರ. ಗೊಬ್ಬರ ಒಂದು ಪದರ. ಮೇಲೆ ತೆಳ್ಳಗೆ ಮಣ್ಣು. ಮಳೆ ಬೀಳದಂತೆ ಮರೆ ಮಾಡಿರಿ. ಹದಿನೈದು ದಿನಕ್ಕೊಮ್ಮೆ ತಿರುವಿರಿ. ಒಳಗೆ ಕೈ ಸುಡುವಷ್ಟು ಕಾವೇರಬೇಕು; ಆ ಕಾವಿಗೆ ರೋಗದ ಕ್ರಿಮಿ, ಹುಳದ ತತ್ತಿ, ಕಳೆಯ ಬೀಜ ಸಾಯುತ್ತವೆ. ಮೂರು-ನಾಲ್ಕು ತಿಂಗಳಿಗೆ ನಾತ ಹೋಗಿ, ಕರೀ ಮಣ್ಣಿನಂತಾಗುತ್ತದೆ. ಮುಂಗಾರಿಗೆ ಮುಂಚೆ ಹೊಲಕ್ಕೆ ಹಾಕಿ, ಅಂದೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸಿರಿ. ಹಸಿಗೊಬ್ಬರವನ್ನು ಕಾಯಿಪಲ್ಯದ ಮಡಿಗೆ ಹಾಕಲೇಬಾರದು. ಸತ್ತ ಹಂದಿಯನ್ನು ಹೊಳೆಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳಿರಿ.

ಹೊಲವಿಲ್ಲದವರು ಹೊಲವಿದ್ದ ನೆರೆಯವನಿಗೆ ಗೊಬ್ಬರ ಮಾರಿರಿ. ಹೊಲವಿದ್ದವರೇ, ಬೈಯುವ ಬದಲು ಬಂಡಿ ಹೂಡಿಕೊಂಡು ಬನ್ನಿರಿ. ನಿನ್ನೆ ಜಗಳ ಹಚ್ಚಿದ ಗೊಬ್ಬರ ನಾಳೆ ತೊಗರಿಯ ಸಾಲಿಗೆ ಬಲ ಕೊಡುತ್ತದೆ.